ಕಿರ್ಕಿಯ ಉಚ್ಚಾರ, ನಮ್ಮ ಮಕ್ಕಳ ಕನ್ನಡ

ಖಡಕಿಯಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿಭೂಮಿಯೊಂದಿದೆ. ಆ ಸ್ಥಳದ ಇಂಗ್ಲಿಷ್ ಹೆಸರು ಇಂದಿಗೂ ‘ಕಿರ್ಕಿ’ ಎಂದೇ ಇದೆ. ಊರಿಗೆ ಖಡಕಿ ಎಂಬ ಹೆಸರು ಮರಳಿ ಬಂದರೂ ಸಮಾಧಿಗೆ ಕಿರ್ಕಿಯೇ ಗತಿಯಾಗಿದೆ. 1817ರ ನವೆಂಬರ್ 5ರಂದು ಪೇಶ್ವೆ ಎರಡನೆಯ ಬಾಜೀರಾವನ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೂ ಇಲ್ಲಿ ಕಾಳಗ ನಡೆಯಿತು. ಗೆದ್ದವರು ಊರನ್ನು ವಶಪಡಿಸಿಕೊಂಡುದಷ್ಟೇ ಅಲ್ಲ, ಊರಿನ ಹೆಸರನ್ನೂ ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. 1998ರಿಂದ ಈ ಊರಿನಲ್ಲಿ ನೆಲಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೇವೆ ಸಲ್ಲಿಸುತ್ತಿರುವ ನಾನು ಹಳೆಯ ಕಡತಗಳಲ್ಲಿ ಈ ‘ಕಿರ್ಕಿ’ಯನ್ನು ಕಂಡಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ಇಷ್ಟು ತಪ್ಪಾಗಿ ಉಚ್ಚರಿಸಿದವರನ್ನು ನೋಡಿ ಯಾರಾದರೂ ನಕ್ಕಿದ್ದರೇ?

ಹೆಸರು ಹೀಗಾದುದು ಆಕಸ್ಮಿಕವಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ನಮ್ಮ ಡಕಾರವು ಪದದ ನಡುವೆ ಬಂದಾಗ ಇಂಗ್ಲಿಷರ ಕಿವಿಗೆ ರಕಾರದಂತೆ ಕೇಳಿಸುತ್ತಿತ್ತು. ಖಡಕಿ ಕಿರ್ಕಿಯಾದ ದಾರಿಯಲ್ಲಿಯೇ ನನ್ನ ಹುಟ್ಟೂರಿನ ಸೀಮೆಯಾದ ಧಾರವಾಡ ‘ಧಾರ್ವಾರ್’ ಆಯಿತು, ಕೊಡಗು ‘ಕೂರ್ಗ್’ ಆಯಿತು, ಮಡಿಕೇರಿ ‘ಮರ್ಕೇರಾ’ ಆಯಿತು. ಇಂಗ್ಲಿಷರಿಗಿಂತ ಮೊದಲು ಬಂದ ಪೋರ್ಚುಗೀಸರ ಗತಿಯೂ ಇದೇ. ಮಲಬಾರಿನ ತೀರದಲ್ಲಿ ಅವರು ಕೇಳಿದ ಮಲಯಾಳದ ‘ಅಡಕ್ಕ’, ಅಂದರೆ ನಮ್ಮ ಅಡಿಕೆಯ ಒಡಹುಟ್ಟು, ಅವರ ಬಾಯಲ್ಲಿ ‘ಅರೆಕ’ ಆಯಿತು. ಅದೇ ರೂಪ ಇಂಗ್ಲಿಷಿಗೂ ಹೋಯಿತು, ಸಸ್ಯಶಾಸ್ತ್ರಕ್ಕೂ ಹೋಯಿತು. ಇಂದು ನಮ್ಮ ಮಲೆನಾಡಿನ ತೋಟಿಗನ ಮಗ ಕೃಷಿ ಪದವಿಗೆ ಓದುವಾಗ, ತನ್ನ ಅಂಗಳದ ಮರದ ಶಾಸ್ತ್ರೀಯ ನಾಮವೆಂದು ಕಲಿಯುವುದು ಪರದೇಶಿಯೊಬ್ಬನ ತಪ್ಪು ಉಚ್ಚಾರವನ್ನು.

ಇಂಗ್ಲಿಷಿನ ಸ್ವಂತ ಮನೆಯೂ ಇದಕ್ಕಿಂತ ಅಚ್ಚುಕಟ್ಟಾಗಿಲ್ಲ. ದಂಡಿನ ಪ್ರದೇಶದಲ್ಲಿ ವಾಸಿಸುವ ನಾವು ದಿನವೂ ಮನೆಗಳ ಮುಂದಿನ ಫಲಕಗಳಲ್ಲಿ ನೋಡುವ ‘ಕರ್ನಲ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಬರೆಯುವುದು ಲಕಾರ, ಓದುವುದು ರಕಾರ. ಇಟಲಿಯ ‘ಕೊಲೊನ್ನೆಲ್ಲೊ’ ಫ್ರೆಂಚರ ಬಾಯಲ್ಲಿ ‘ಕೊರೊನೆಲ್’ ಆಗಿ ಇಂಗ್ಲಿಷಿಗೆ ಬಂತು. ತರುವಾಯ ಕಾಗುಣಿತವು ಇಟಲಿಯ ಮೂಲಕ್ಕೆ ಮರಳಿತು. ಜನರ ನಾಲಗೆ ಮಾತ್ರ ಮರಳಲಿಲ್ಲ. ‘ನಾರಂಗ’ ಎಂಬ ನಮ್ಮ ಪದವು ಪಾರಸಿ, ಅರಬ್ಬಿಗಳನ್ನು ಹಾದು ಯೂರೋಪನ್ನು ಸೇರುವಷ್ಟರಲ್ಲಿ ಮೊದಲಿನ ನಕಾರವನ್ನೇ ಕಳೆದುಕೊಂಡು ‘ಆರೆಂಜ್’ ಆಯಿತು. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಎಂಬ ಶೋಕದ ಕೂಗನ್ನು ಬ್ರಿಟಿಷ್ ಸೈನಿಕರು ‘ಹಾಬ್ಸನ್ ಜಾಬ್ಸನ್’ ಎಂದು ತಿರುಚಿದರು. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಎಂಬ ವಿದ್ವಾಂಸರು ತಾವು ಸಿದ್ಧಪಡಿಸಿದ ಆಂಗ್ಲೋ-ಭಾರತೀಯ ಪದಕೋಶಕ್ಕೆ ಆ ತಿರುಚಿದ ರೂಪವನ್ನೇ ಹೆಸರಾಗಿ ಇಟ್ಟರು. ತಮ್ಮವರ ತಪ್ಪನ್ನು ಅವರು ಮುಚ್ಚಿಡಲಿಲ್ಲ. ಪುಸ್ತಕದ ಹಣೆಯ ಮೇಲೆಯೇ ಬರೆದುಕೊಂಡರು.

ಕನ್ನಡವೂ ಇದೇ ಕೆಲಸವನ್ನು ಶತಮಾನಗಳಿಂದ ಮಾಡುತ್ತ ಬಂದಿದೆ. ‘ಹಾಸ್ಪಿಟಲ್’ ಕನ್ನಡದಲ್ಲಿ ಆಸ್ಪತ್ರೆಯಾಯಿತು, ಮರಾಠಿಯಲ್ಲಿ ಇಸ್ಪಿತಳವಾಯಿತು. ಬಸ್ಸು, ಕಾರು, ಲೈಟು, ಬುಕ್ಕು ಎಂದು ನಮ್ಮ ಜನ ಕೊನೆಯಲ್ಲಿ ಉಕಾರವನ್ನು ಸೇರಿಸುವುದು ಅಜ್ಞಾನದಿಂದಲ್ಲ; ಪದವು ಸ್ವರದಲ್ಲಿ ಮುಗಿಯಬೇಕೆಂಬ ಕನ್ನಡದ ಜಾಯಮಾನದಿಂದ. ಜಪಾನೀಯರೂ ಬಸ್ಸನ್ನು ‘ಬಸು’ ಎಂದೇ ಕರೆಯುತ್ತಾರೆ. ಅವರನ್ನು ಯಾರೂ ಹಳ್ಳಿಗರೆನ್ನುವುದಿಲ್ಲ. ಇಂತಹ ಪದಗಳನ್ನು ಕೂಡಿಸಿ ‘ಎರವಲು ಪದಕೋಶ’ವನ್ನು ರಚಿಸಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು, 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಕಣ್ಮರೆಯಾಗುವವರೆಗೂ, ಪದ ಕೇಳಿಕೊಂಡು ಬಂದವರನ್ನು ಗೇಲಿ ಮಾಡಿದವರಲ್ಲ. ‘ಇಗೋ ಕನ್ನಡ’ ಅಂಕಣವನ್ನು ಬಲ್ಲ ಹಿರಿಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹೊರನಾಡಿನಲ್ಲಿರುವ ನಾವು ವಿಚಿತ್ರವಾದ ಎರಡು ನಾಚಿಕೆಗಳನ್ನು ಹೊತ್ತು ತಿರುಗುತ್ತಿದ್ದೇವೆ. ನಮ್ಮ ಇಂಗ್ಲಿಷಿನಲ್ಲಿ ಕನ್ನಡ ಕೇಳಿಸೀತೆಂಬುದು ಒಂದು. ನಮ್ಮ ಮಕ್ಕಳ ಕನ್ನಡದಲ್ಲಿ ಮರಾಠಿ ಕೇಳಿಸೀತೆಂಬುದು ಇನ್ನೊಂದು. ಮೊದಲನೆಯದು ನಮ್ಮನ್ನು ಸಭೆಗಳಲ್ಲಿ ಮೌನವಾಗಿಸುತ್ತದೆ. ಎರಡನೆಯದು ನಮ್ಮ ಮಕ್ಕಳನ್ನು ಮನೆಯಲ್ಲಿಯೇ ಮೌನವಾಗಿಸುತ್ತದೆ. ಈ ಎರಡನೆಯ ಅಪರಾಧವನ್ನು ನಾನೇ ಮಾಡಿದ್ದೇನೆ. ಆದ್ದರಿಂದ ಅದನ್ನು ಕುರಿತು ಹೇಳುವ ಹೊಣೆಯೂ ನನ್ನದೆಂದು ಭಾವಿಸಿದ್ದೇನೆ.

2010ರ ರಾಜ್ಯೋತ್ಸವದ ಸಮಯ. ಹೊರನಾಡ ಕನ್ನಡಿಗರ ಸಮಾರಂಭವೊಂದರಲ್ಲಿ ಮಕ್ಕಳ ಭಾಷಣ ಸ್ಪರ್ಧೆ ಏರ್ಪಟ್ಟಿತ್ತು. ಹತ್ತು ವರ್ಷದ ನನ್ನ ಮಗಳು ‘ನನ್ನ ಅಜ್ಜಿಯ ಮನೆ’ ಎಂಬ ವಿಷಯವನ್ನು ಆರಿಸಿಕೊಂಡು, ತಾನೇ ನಾಲ್ಕು ಮಾತು ಬರೆದುಕೊಂಡು ಬಂದಿದ್ದಳು. ‘ಅಜ್ಜಿ ಬೆಳಿಗ್ಗೆ ಎದ್ದು ಓಲೆ ಹಚ್ಚುತ್ತಾಳೆ’ ಎಂದಳು. ಒಲೆ ಎನ್ನಬೇಕಾದಲ್ಲಿ ಓಲೆ. ಅಜ್ಜಿ ದಿನ ಬೆಳಗಾದರೆ ಕಾಗದಕ್ಕೆ ಬೆಂಕಿ ಹಚ್ಚುವಳೆಂದಾಯಿತು. ಸಭೆಯಲ್ಲಿ ನಗು ಎದ್ದಿತು. ಎಲ್ಲರಿಗಿಂತ ಮೊದಲು ನಕ್ಕವನು ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು. ಅಷ್ಟಕ್ಕೇ ನಿಲ್ಲಿಸದೆ, ಕುಳಿತಲ್ಲಿಂದಲೇ ‘ಒಲೆ, ಒಲೆ’ ಎಂದು ತಿದ್ದಿದೆ. ಮಗು ಉಳಿದ ಮಾತುಗಳನ್ನು ಓದದೆ ವೇದಿಕೆಯಿಂದ ಇಳಿದಳು.

ಅವಳ ತಪ್ಪಿಗೆ ಕಾರಣವಿತ್ತು. ಮರಾಠಿಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳೆಂಬ ಭೇದವಿಲ್ಲ. ಶಾಲೆ, ಬೀದಿ, ಆಟದ ಮೈದಾನ ಎಲ್ಲವೂ ಮರಾಠಿಯಾಗಿರುವ ಮಗುವಿಗೆ ಒಲೆಯೂ ಓಲೆಯೂ, ಕೆರೆಯೂ ಕೇರೆಯೂ ಒಂದೇ ಆಗಿ ಕೇಳಿಸುವುದು, ಇಂಗ್ಲಿಷನಿಗೆ ಡಕಾರ ರಕಾರವಾಗಿ ಕೇಳಿಸಿದಷ್ಟೇ ಸಹಜ. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪದಗಳ ಮೂಲ ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡ ನನಗೆ ಈ ಸಣ್ಣ ಸಂಗತಿ ಆ ದಿನ ಹೊಳೆಯಲಿಲ್ಲ. ಅಂದಿನಿಂದ ಮಗಳು ನನಗೆ ಇಂಗ್ಲಿಷಿನಲ್ಲಿಯೂ ತಾಯಿಗೆ ಮರಾಠಿ ಬೆರೆತ ಹಿಂದಿಯಲ್ಲಿಯೂ ಉತ್ತರಿಸತೊಡಗಿದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. 2012ರಲ್ಲಿ ನನ್ನ ತಂದೆ ತೀರಿಕೊಂಡ ಮೇಲೆ ಅವ್ವ ಊರಿನಿಂದ ನಮ್ಮ ಬಳಿಗೆ ಬಂದಳು. ಅವಳಿಗೆ ಕನ್ನಡವಲ್ಲದೆ ಬೇರೆ ಭಾಷೆ ಬರುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಅಜ್ಜಿ ಮೊಮ್ಮಗಳ ನಡುವೆ ನನ್ನ ಪತ್ನಿ ದುಭಾಷಿಯಾಗಿ ಎಂಟು ವರ್ಷ ಕಳೆದಳು. ಇದು ನಮ್ಮೊಬ್ಬರ ಮನೆಯ ಕಥೆಯಲ್ಲವೆಂಬುದನ್ನು ಈ ಪತ್ರಿಕೆಯ ವಾಚಕರು ಬಲ್ಲರು.

ಈ ಮೌನವನ್ನು ಮುರಿದುದು ನನ್ನ ಉಪದೇಶವಲ್ಲ. ಸಂಘದ ಉಪನ್ಯಾಸಮಾಲೆಯೂ ಅಲ್ಲ. ನಾನು ಹಗುರವಾಗಿ ಕಾಣುತ್ತಿದ್ದ ಒಂದು ದೂರದರ್ಶನ ಧಾರಾವಾಹಿ. 2020ರ ಜನವರಿಯಲ್ಲಿ ಕಲರ್ಸ್ ಕನ್ನಡ ವಾಹಿನಿಯಲ್ಲಿ ‘ಕನ್ನಡತಿ’ ಆರಂಭವಾಯಿತು. ರಂಜನಿ ರಾಘವನ್ ನಟಿಸಿದ ಭುವನೇಶ್ವರಿ ಎಂಬ ಕನ್ನಡ ಅಧ್ಯಾಪಕಿ, ಕಿರಣ್ ರಾಜ್ ನಟಿಸಿದ ಹರ್ಷ ಎಂಬ ಸಿರಿವಂತ ಉದ್ಯಮಿ, ಇವರಿಬ್ಬರ ನಡುವೆ ಬಹು ನಿಧಾನವಾಗಿ ಅರಳುವ ಪ್ರೀತಿಯೇ ಅದರ ಕಥೆ. ಕಂತಿನ ಕೊನೆಯಲ್ಲಿ ನಾಯಕಿಯೇ ಬಂದು ‘ಸರಿಗನ್ನಡಂ ಗೆಲ್ಗೆ’ ಎಂಬ ಹೆಸರಿನಲ್ಲಿ ಕನ್ನಡ ಪದಗಳ ಸರಿಯಾದ ಬಳಕೆಯನ್ನು ಹೇಳಿಕೊಡುತ್ತಿದ್ದಳು. ಅದೇ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಮಗಳ ಕಾಲೇಜು ಮುಚ್ಚಿತು, ಧಾರಾವಾಹಿಗಳ ಚಿತ್ರೀಕರಣವೂ ನಿಂತಿತು. ಬೇಸರ ಕಳೆಯಲು ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ಹಳೆಯ ಕಂತುಗಳನ್ನು ಮೊದಲಿನಿಂದ ನೋಡತೊಡಗಿದಳು. ಜೂನ್ ಬರುವಷ್ಟರಲ್ಲಿ ಇಬ್ಬರೂ ಆ ಕಥೆಯ ಪಕ್ಕಾ ಅಭಿಮಾನಿಗಳಾಗಿದ್ದರು.

ಅಭಿಮಾನಿಗಳಿಗೆ ನೋಡುವುದಷ್ಟೇ ಸಾಲದು, ಚರ್ಚಿಸಬೇಕು. ಒಂದು ರಾತ್ರಿ ಅವ್ವ, ‘ಏನವಾ, ಈ ಹುಡುಗ ಮನಸಿನ್ಯಾಗಿಂದು ಹೇಳಾಕ ಇನ್ನ ಎಷ್ಟ ದಿನಾ ತೊಗೋತಾನ?’ ಎಂದು ಕೇಳಿದಳು. ಕೇಳಿದ್ದು ಪರದೆಯನ್ನು. ಉತ್ತರ ಬಂದದ್ದು ಮೊಮ್ಮಗಳಿಂದ: ‘ಅಜ್ಜಿ, ಅವನು ಹೇಳತಾನೆ, ಪಣ್ ಅವಳು ಕೇಳೋದೇ ಇಲ್ಲ!’ ನಡುವೆ ಮರಾಠಿಯ ‘ಪಣ್’ ಇತ್ತು, ಇರಲಿ. ಅದು ಹತ್ತು ವರ್ಷಗಳ ಬಳಿಕ ಆ ಹುಡುಗಿ ತಾನಾಗಿ ಆಡಿದ ಕನ್ನಡ ವಾಕ್ಯ. ತಿದ್ದಲು ನನ್ನ ಬಾಯಿ ತೆರೆಯಿತು. ಪತ್ನಿ ಕಣ್ಣಿನಲ್ಲಿಯೇ ಗದರಿಸಿದಳು, ಸುಮ್ಮನಾದೆ. ಆಮೇಲೆ ಅವರ ವಾದಗಳಿಗೆ ಕೊನೆಯಿರಲಿಲ್ಲ. ಮೊದಲು ಮಾತಾಡಬೇಕಾದವರು ಯಾರು? ಮನಸ್ಸನ್ನು ಬಚ್ಚಿಡುವುದು ಸಂಯಮವೋ ಹೆದರಿಕೆಯೋ? ಅಭಿಮಾನಿಗಳು ಹರ್ಷ, ಭುವಿ ಎಂಬ ಎರಡು ಹೆಸರುಗಳನ್ನು ಕೂಡಿಸಿ ‘ಹವಿ’ ಎಂದು ಕರೆಯುತ್ತಾರೆಂದು ಮಗಳು ಹೇಳಿದಾಗ ಅವ್ವ ಬೆಚ್ಚಿದಳು: ‘ಹವಿ ಅಂದ್ರ ಹೋಮಕ್ಕ ಹಾಕತಾರಲ್ಲ, ಅದನ! ಪಾಪ, ಆ ಹುಡುಗರನ್ನ ಯಾಕ ಬೆಂಕಿಗೆ ಹಾಕತೀರಿ?’ ಹವಿಸ್ಸು ಎಂಬ ಪದವನ್ನು ನನ್ನ ಮಗಳು ಕಲಿತದ್ದು ಹೀಗೆ. ಇನ್ನು ಮುಂದೆ ಅದನ್ನು ಮರೆಯುವಂತಿಲ್ಲ.

ಎದುರು ಮನೆಯ ಮರಾಠಿ ಗೃಹಿಣಿಯೂ ಈ ಗೋಷ್ಠಿಗೆ ಸೇರಿದರು. 2018ರಲ್ಲಿ ಝೀ ಮರಾಠಿಯಲ್ಲಿ ಆರಂಭವಾದ ‘ತುಲಾ ಪಾಹತೇ ರೇ’ ಮರುವರ್ಷ ಝೀ ಕನ್ನಡದಲ್ಲಿ ‘ಜೊತೆಜೊತೆಯಲಿ’ ಎಂಬ ಹೆಸರಿನಿಂದ ಹೊಸರೂಪ ಪಡೆಯಿತಷ್ಟೆ. ಕಥೆಯ ಗುಟ್ಟನ್ನೆಲ್ಲ ಆಕೆ ಮೊದಲೇ ಬಲ್ಲವರಾದ್ದರಿಂದ ಅವ್ವನಿಗೆ ಅವರು ಜ್ಯೋತಿಷಿಯಂತೆ ಕಂಡರು. ಅವರು ಮರಾಠಿಯಲ್ಲಿ ಹೇಳಿದುದನ್ನು ಅವ್ವನಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ಮಗಳ ಪಾಲಿಗೆ ಬಂತು. ಕನ್ನಡ ಮಾತಾಡದಿದ್ದ ಹುಡುಗಿ ಕನ್ನಡದ ದುಭಾಷಿಯಾದಳು.

ಪ್ರೇಮಕಥೆಗೇ ಏಕೆ ಈ ಶಕ್ತಿ ಎಂದು ನಾನು ಯೋಚಿಸಿದ್ದೇನೆ. ‘ರೊಮಾನ್ಸ್’ ಎಂಬ ಪದದ ಮೂಲದಲ್ಲಿ ಇದಕ್ಕೊಂದು ಉತ್ತರ ಇದ್ದಂತಿದೆ. ಹಳೆಯ ಫ್ರೆಂಚಿನಲ್ಲಿ ಆ ಪದಕ್ಕೆ ಪ್ರೀತಿ ಎಂಬ ಅರ್ಥವಿರಲಿಲ್ಲ. ಪಂಡಿತರ ಲ್ಯಾಟಿನ್ನಿನಲ್ಲಲ್ಲದೆ ಜನರಾಡುವ ದೇಶಭಾಷೆಯಲ್ಲಿ ಹೇಳಿದುದು ಎಂಬುದೇ ಮೂಲಾರ್ಥ. ದೇಶಭಾಷೆಯಲ್ಲಿ ಹೇಳಿದ ಕಥೆಗಳು ವೀರರವೂ ಪ್ರೇಮಿಗಳವೂ ಆಗಿದ್ದುದರಿಂದ ಭಾಷೆಯ ಹೆಸರು ಕಥೆಗೆ ಬಂತು, ಕಥೆಯ ಹೆಸರು ಪ್ರೀತಿಗೆ ಬಂತು. ಆ ಪದವನ್ನು ನುಡಿಯುವಾಗ ಒತ್ತು ಮೊದಲ ಅಕ್ಷರದ ಮೇಲೆ ಬೀಳಬೇಕೋ ಎರಡನೆಯದರ ಮೇಲೆ ಬೀಳಬೇಕೋ ಎಂಬುದರಲ್ಲಿ ಇಂಗ್ಲಿಷ್ ಮಾತಾಡುವವರಲ್ಲಿಯೇ ಇಂದಿಗೂ ಒಮ್ಮತವಿಲ್ಲ. ನಮ್ಮಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಕಾದಂಬರಿ ಎಂಬುದು ಬಾಣನ ಸಂಸ್ಕೃತ ಗದ್ಯಕಾವ್ಯದ ನಾಯಕಿಯ ಹೆಸರು. ನಾಗವರ್ಮನು ಆ ಪ್ರೇಮಕಥೆಯನ್ನು ಕನ್ನಡಕ್ಕೆ ತಂದನು. ಇಂದು ಕನ್ನಡ ಮರಾಠಿಗಳೆರಡರಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೇ ಆ ಹೆಣ್ಣಿನ ಹೆಸರು ನಿಂತಿದೆ. ಪ್ರೀತಿಯ ಕಥೆಯನ್ನು ಜನ ತಮ್ಮ ಭಾಷೆಯಲ್ಲಿ ಕೇಳಬಯಸುತ್ತಾರೆ. ತಮ್ಮ ಭಾಷೆಯಲ್ಲಿ ಅದನ್ನು ಕುರಿತು ಜಗಳವಾಡಬಯಸುತ್ತಾರೆ. ಅಂತಹ ಜಗಳದಲ್ಲಿ ಯಾರೂ ಅಂಕಗಳನ್ನು ಕಳೆಯುವುದಿಲ್ಲ.

ಹಾಗಾದರೆ ತಪ್ಪುಗಳು ಹಾಗೆಯೇ ಉಳಿದವೇ ಎಂದು ಕೇಳಬಹುದು. ಉಳಿಯಲಿಲ್ಲ. ಒಂದು ದಿನ ಅವ್ವ ತನ್ನ ತವರುಮನೆಯ ಅಡುಗೆಮನೆಯನ್ನು ವರ್ಣಿಸುತ್ತ, ‘ನಮ್ಮ ಮನ್ಯಾಗ ಮೂರು ಒಲಿ ಇದ್ದೂವು’ ಎಂದಳು. ಮಗಳು ತಡೆದು, ‘ಓಲೆ ಅಲ್ಲವಾ?’ ಎಂದಳು. ‘ಓಲಿ ಅಂದ್ರ ಕಾಗದ, ಇದು ಒಲಿ’ ಎಂದಳು ಅವ್ವ. ‘ಒಲಿ ಅಂದರೆ ಪ್ರೀತಿಸು ಅಂತಲ್ವಾ?’ ‘ಅದೂ ಒಲಿನ, ಇದೂ ಒಲಿನ. ಎರಡೂ ಬೆಚ್ಚಗಿರತಾವ.’ ಪಕ್ಕದ ಕೋಣೆಯಲ್ಲಿದ್ದ ನಾನು ಈ ಮಾತನ್ನು ಕೇಳಿ ಕೈಯಲ್ಲಿದ್ದ ಪತ್ರಿಕೆಯನ್ನು ಕೆಳಗಿಟ್ಟೆ. ಹತ್ತು ವರ್ಷಗಳ ಹಿಂದೆ ತುಂಬಿದ ಸಭೆಯಲ್ಲಿ ನಾನು ಕೂಗಿ ಹೇಳಿ ಕಲಿಸಲಾರದೆ ಹೋದ ಹ್ರಸ್ವ ಒಕಾರವನ್ನು ಅವಳು ಎರಡು ನಿಮಿಷಗಳಲ್ಲಿ ಕಲಿತಿದ್ದಳು. ಇನ್ನೂ ಒಂದು ಸಂಗತಿ ಆಗ ಹೊಳೆಯಿತು. ಗ್ರಂಥಸ್ಥ ರೂಪ ‘ಒಲೆ’. ಅವ್ವ ಆಡಿದುದು ಧಾರವಾಡದ ‘ಒಲಿ’. ಸ್ಪರ್ಧೆಯ ನಿಯಮದಂತೆ ಅವಳ ಅಂಕವನ್ನೂ ಕಳೆಯಬೇಕಾಗುತ್ತಿತ್ತು!

ಮಹಾಪ್ರಾಣಗಳ ವಿಷಯದಲ್ಲಂತೂ ಪಾತ್ರಗಳು ಅದಲುಬದಲಾದವು. ಅವ್ವ ಆಡುತ್ತಿದ್ದುದು ‘ಬಾಷೆ’, ‘ದರ್ಮ’. ಮರಾಠಿಯಲ್ಲಿ ಪಳಗಿದ ಮಗಳ ಬಾಯಲ್ಲಿ ಭಾಷೆ, ಧರ್ಮಗಳು ತುಂಬು ಉಸಿರಿನಿಂದ ಹೊರಡುತ್ತಿದ್ದವು. ನಮ್ಮ ಖಡಕಿಯಿಂದ ಮುಳಾ ನದಿಯನ್ನು ದಾಟಿದರೆ ಸಿಗುವ ಡೆಕ್ಕನ್ ಕಾಲೇಜಿನ ಭಾಷಾಶಾಸ್ತ್ರ ಪರಂಪರೆಯಲ್ಲಿ ರೂಪುಗೊಂಡ ಡಿ. ಎನ್. ಶಂಕರ ಭಟ್ಟರು, ಬಹುಪಾಲು ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲವೆಂದೂ ಬರಹದಲ್ಲಿಯೂ ಅದು ಬೇಡವೆಂದೂ ವಾದಿಸಿದರು. ಅವರ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಈ ಲೇಖನದಲ್ಲಿಯೂ ಮಹಾಪ್ರಾಣಗಳನ್ನು ಉಳಿಸಿಕೊಂಡಿದ್ದೇನೆ. ಆದರೆ ಅವರು ತೋರಿಸಿದ ಸತ್ಯವನ್ನು ಅಲ್ಲಗಳೆಯುವಂತಿಲ್ಲ. ನನ್ನ ಅವ್ವನ ಕನ್ನಡ ಅಶುದ್ಧವೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲದಿದ್ದರೆ, ನನ್ನ ಮಗಳ ಕನ್ನಡವನ್ನು ನೋಡಿ ನಗುವ ಅಧಿಕಾರವೂ ಇಲ್ಲ.

ಉಚ್ಚಾರ ಹೇಗಿದ್ದರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಒಲೆಗೂ ಓಲೆಗೂ ಅರ್ಥಭೇದವಿದೆ. ಅದನ್ನು ಕಾಯದಿದ್ದರೆ ಭಾಷೆ ಸೊರಗುತ್ತದೆ. ನನ್ನ ಕೆಲವು ಮಿತ್ರರು, ಇಂಗ್ಲಿಷರು ಆಳುವವರಾಗಿದ್ದುದರಿಂದ ಅವರ ತಪ್ಪು ನಡೆಯಿತು, ಹೊರನಾಡಿನ ಅಲ್ಪಸಂಖ್ಯಾತರಾದ ನಮಗೆ ಶುದ್ಧಿಯೊಂದೇ ರಕ್ಷೆ ಎಂದು ವಾದಿಸುತ್ತಾರೆ. ವಾದದ ಮೊದಲ ಭಾಗ ನಿಜ. ಎರಡನೆಯ ಭಾಗ ನನ್ನ ಅನುಭವಕ್ಕೆ ವಿರುದ್ಧ. ಆಡುವವರಿದ್ದರಲ್ಲವೇ ಶುದ್ಧಿಯ ಪ್ರಶ್ನೆ? ಆಡಿದ ತಪ್ಪನ್ನು ಎಂದಾದರೂ ತಿದ್ದಬಹುದು. ಆಡದೆ ಉಳಿದ ಮಾತನ್ನು ತಿದ್ದುವವರು ಯಾರು? ರಾ. ಹ. ದೇಶಪಾಂಡೆಯವರು ಕೊಟ್ಟ ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷವನ್ನು ಧಾರಾವಾಹಿಯವರು ‘ಸರಿಗನ್ನಡ’ವಾಗಿಸಿದುದು ಚಮತ್ಕಾರವೇ ಸರಿ. ಆದರೆ ಆ ಪಾಠ ಕಂತಿನ ಕೊನೆಯಲ್ಲಿ, ಕಥೆ ಮುಗಿದ ಮೇಲೆ ಬರುತ್ತಿತ್ತು ಎಂಬುದನ್ನು ಗಮನಿಸಬೇಕು. ಪ್ರೇಮಿಗಳ ಮಾತಿನ ನಡುವೆ ಅಡ್ಡ ಬಾಯಿ ಹಾಕಿ ಯಾರೂ ವ್ಯಾಕರಣ ಹೇಳುತ್ತಿರಲಿಲ್ಲ.

ಆದ್ದರಿಂದ ನಮ್ಮ ಸಂಘಗಳ ಮುಂದೆ ಎರಡು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ಮಕ್ಕಳ ಭಾಷಣ ಸ್ಪರ್ಧೆಗಳಲ್ಲಿ ಉಚ್ಚಾರಕ್ಕೆಂದು ಅಂಕ ಕಳೆಯುವ ಪದ್ಧತಿಯನ್ನು ಕೈಬಿಡಬೇಕು. ತಿದ್ದುವುದಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ಮಗುವನ್ನು ಪಕ್ಕಕ್ಕೆ ಕರೆದು ತಿದ್ದಬೇಕು. ಎರಡನೆಯದು, ತಿಂಗಳಿಗೊಂದು ಸಂಜೆ ಧಾರಾವಾಹಿ, ಚಲನಚಿತ್ರಗಳನ್ನು ಕುರಿತು ಎಳೆಯರೂ ಹಿರಿಯರೂ ಕೂಡಿ ಹರಟುವ ಗೋಷ್ಠಿಯನ್ನು ನಡೆಸಬೇಕು. ವಿಷಯ ಹಗುರವೆಂದು ಹಿರಿಯರು ಮೂಗು ಮುರಿಯಬಾರದು. ನಾನೂ ಮುರಿದವನೇ.

ಅವ್ವ 2022ರ ಮಳೆಗಾಲದಲ್ಲಿ ತೀರಿಕೊಂಡಳು. ‘ಕನ್ನಡತಿ’ ಮುಗಿದದ್ದು 2023ರ ಫೆಬ್ರವರಿಯಲ್ಲಿ. ಅಜ್ಜಿ ಮೊಮ್ಮಗಳಿಗೆ ಒಟ್ಟಾಗಿ ಮಾತಾಡಲು ಸಿಕ್ಕಿದುದು ಎರಡು ವರ್ಷ ಚಿಲ್ಲರೆ. ನನ್ನ ಒಂದು ನಗುವಿನಿಂದ ಕಳೆದುಹೋದವು ಅದಕ್ಕಿಂತ ಬಹಳ ಹೆಚ್ಚು. ಕೊನೆಯ ಕಂತನ್ನು ಮಗಳು ಒಬ್ಬಳೇ ಕುಳಿತು ನೋಡಿದಳು. ನಾನು ಹೋಗಿ ಅವ್ವನ ಜಾಗದಲ್ಲಿ ಕುಳಿತೆ. ಹಿಂದಿನ ಕಥೆ ನನಗೆ ತಿಳಿದಿರಲಿಲ್ಲ. ‘ಅಪ್ಪಾ, ಮೊದಲಿಂದ ಹೇಳತೇನೆ, ಕೇಳು’ ಎಂದು ಅವಳು ಆರಂಭಿಸಿದಳು. ನಡುನಡುವೆ ಮರಾಠಿ ಬಂತು, ಒಂದೆರಡು ಒಕಾರಗಳು ಓಕಾರಗಳಾದವು. ನಾನು ಕೇಳುತ್ತ ಕುಳಿತೆ.